ಕತ್ತರಿ ಜಾರಿದಾಗ

ಕೊರಳ ಪಕ್ಕದಲ್ಲಿ ನೋವಿಲ್ಲದ ಒಂದು ಗಂಟು. ತಿಂಗಳಾದರೂ ಕರಗಿಲ್ಲ ಎಂದಿಟ್ಟುಕೊಳ್ಳೋಣ. ವೈದ್ಯರು ಅದರ ತುಣುಕನ್ನು ಪರೀಕ್ಷಿಸಿ, ‘ಇದು ಲಿಂಫೋಮ, ದುಗ್ಧಗ್ರಂಥಿಗಳ ಅರ್ಬುದ, ಜೀನ್‌ಗಳಲ್ಲಿ ಏರುಪೇರಾಗಿದೆ’ ಎನ್ನುತ್ತಾರೆ. ಆಗ ಮನೆಯ ಹಿರಿಯರನ್ನು ಕಾಡುವ ಪ್ರಶ್ನೆ ಯಾವುದು? ‘ಇದು ವಂಶದಿಂದ ಬಂದುದೇ? ನಾಳೆ ಮಕ್ಕಳ ಮದುವೆಗೆ ಅಡ್ಡಿಯಾದೀತೇ?’

ಉತ್ತರ ತಿಳಿಯಬೇಕಾದರೆ ರಕ್ತದ ಬಿ-ಕೋಶಗಳ ಕಸಬನ್ನು ನೋಡಬೇಕು. ರೋಗಾಣುಗಳನ್ನು ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುವುದು ಅವುಗಳ ಕೆಲಸ. ರೋಗಾಣುಗಳ ಬಗೆಗಳೋ ಲೆಕ್ಕವಿಲ್ಲದಷ್ಟು. ಒಂದೊಂದಕ್ಕೂ ಒಂದೊಂದು ಜೀನನ್ನು ಇಟ್ಟುಕೊಳ್ಳಲು ಕೋಶಕ್ಕೆ ಸಾಧ್ಯವಿಲ್ಲ. ಆದುದರಿಂದ ಅಸ್ಥಿಮಜ್ಜೆಯಲ್ಲಿ ಬೆಳೆಯುವಾಗಲೇ ಬಿ-ಕೋಶವು ಜಾಣ ದರ್ಜಿಯಂತೆ ತನ್ನ ಡಿ.ಎನ್.ಎ.ಯನ್ನೇ ಕತ್ತರಿಸಿ, ತುಂಡುಗಳನ್ನು ಹೊಸ ರೀತಿಯಲ್ಲಿ ಹೊಲಿದುಕೊಳ್ಳುತ್ತದೆ. ‘ರ್ಯಾಗ್’ ಎಂಬ ಪ್ರೋಟೀನುಗಳೇ ಕತ್ತರಿ. ‘ಲೈಗೇಸ್-೪’ ಮೊದಲಾದವು ಸೂಜಿದಾರ.

ಇಂಥ ಅಪಾಯದ ಕೆಲಸಕ್ಕೆ ಕಾವಲು ಬೇಡವೇ? ಡಿ.ಎನ್.ಎ. ತುಂಡಾದೊಡನೆ ‘ಎ.ಟಿ.ಎಂ.’ ಜೀನಿನ ಪ್ರೋಟೀನು (ಹಣ ಕೊಡುವ ಯಂತ್ರವಲ್ಲ!) ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಅದಕ್ಕೆ ಓಗೊಡುವ ‘ಪಿ-೫೩’ ಕೋಶದ ವಿಭಜನೆಯನ್ನು ತಡೆಯುತ್ತದೆ. ದುರಸ್ತಿ ಸಾಧ್ಯವಾಗದಿದ್ದರೆ ಕೋಶವನ್ನೇ ಸಾವಿಗೆ ಒಪ್ಪಿಸುತ್ತದೆ. ಇಂತಹ ಕಾವಲು ಜೀನ್‌ಗಳು ಕೆಟ್ಟಾಗ ಲಿಂಫೋಮಕ್ಕೆ ದಾರಿ ಸುಗಮವಾಗುತ್ತದೆ.

ಕೆಲವೊಮ್ಮೆ ಹೊಲಿಗೆಯೇ ತಪ್ಪುತ್ತದೆ. ೧೪ನೆಯ ವರ್ಣತಂತುವಿನ ತುಂಡು ೧೮ನೆಯದರೊಡನೆ ಕೂಡಿಕೊಂಡು, ಅಲ್ಲಿರುವ ‘ಬಿ.ಸಿ.ಎಲ್.-೨’ ಜೀನು ಹದ್ದುಮೀರಿ ಎಚ್ಚರಗೊಳ್ಳುತ್ತದೆ. ಸಾಯಬೇಕಾದ ಕೋಶವನ್ನು ಅದು ಸಾಯಗೊಡದು. ‘ಫಾಲಿಕ್ಯುಲರ್ ಲಿಂಫೋಮ’ದ ರೋಗಿಗಳಲ್ಲಿ ನೂರಕ್ಕೆ ಸುಮಾರು ೮೫ ಮಂದಿಯಲ್ಲಿ ಕಾಣುವುದು ಈ ತಪ್ಪು ಜೋಡಣೆಯೇ.

ಕತ್ತರಿ ಜಾರುವುದಾದರೂ ಏಕೆ? ಇದನ್ನು ಅರಸಿದವರಲ್ಲೊಬ್ಬರು ನಮ್ಮ ಊರಿನಲ್ಲೇ ಇದ್ದಾರೆ. ಯಶವಂತಪುರದಿಂದ ಮೇಖ್ರಿ ವೃತ್ತದತ್ತ ಹೊರಟವರಿಗೆ ದಾರಿಯಲ್ಲಿ ಎದುರಾಗುವ ಹಸುರು ಆವರಣ, ಹಳಬರು ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದು ಕರೆಯುವ, ೧೯೦೯ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಜೀವರಸಾಯನ ವಿಭಾಗದ ಪ್ರಾಧ್ಯಾಪಕ ಸತೀಶ್ ರಾಘವನ್ ಅವರು, ಇಲ್ಲಿಗೆ ಬರುವ ಮೊದಲು ಅಮೆರಿಕದಲ್ಲಿ ಮೈಕೇಲ್ ಲೀಬರ್ ಅವರೊಡನೆ ನಡೆಸಿದ ಸಂಶೋಧನೆ ೨೦೦೪ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಿ.ಸಿ.ಎಲ್.-೨ರ ಬಳಿ ಡಿ.ಎನ್.ಎ.ಯ ಸುರುಳಿ ಒಂದೆಡೆ ಸಹಜ ರೂಪ ಬಿಟ್ಟು ಬೇರೆ ಆಕಾರ ತಾಳುತ್ತದೆ. ರ್ಯಾಗ್ ಕತ್ತರಿ ಅಲ್ಲಿಯೂ ಬಾಯಿ ಹಾಕಬಲ್ಲುದು ಎಂಬುದು ಅದರ ಸಾರ.

ಅರ್ಬುದ ಕೋಶಕ್ಕೂ ಬದುಕಲು ದುರಸ್ತಿ ಬೇಕಷ್ಟೆ! ಅದರ ಸೂಜಿದಾರವನ್ನೇ ಕಸಿದುಕೊಂಡರೆ? ಈ ಆಲೋಚನೆಯಿಂದ ಅವರ ತಂಡವು ೨೦೧೨ರಲ್ಲಿ ಲೈಗೇಸ್-೪ನ್ನು ತಡೆಯುವ ‘ಎಸ್.ಸಿ.ಆರ್.-೭’ ಎಂಬ ರಾಸಾಯನಿಕವನ್ನು ಪ್ರಕಟಿಸಿತು. ಇಲಿಗಳಲ್ಲಿ ಕೆಲವು ಗಡ್ಡೆಗಳ ಬೆಳವಣಿಗೆ ಕುಗ್ಗಿತು. ಅದರ ರಚನೆ ಮತ್ತು ಪರಿಣಾಮಗಳನ್ನು ಬೇರೆ ಪ್ರಯೋಗಾಲಯಗಳು ಮುಂದೆ ಪ್ರಶ್ನಿಸಿದುದೂ ಉಂಟು. ಅದಿನ್ನೂ ರೋಗಿಯ ಔಷಧಿಯಾಗಿಲ್ಲ. ವಿಜ್ಞಾನದ ದಾರಿ ಹೀಗೆಯೇ ಸಾಗುತ್ತದೆ.

ಇನ್ನು ಹಿರಿಯರ ಪ್ರಶ್ನೆ. ಈ ತಪ್ಪು ಹೊಲಿಗೆ ತಂದೆತಾಯಿಯರಿಂದ ಬಂದುದಲ್ಲ; ಹುಟ್ಟಿದ ಮೇಲೆ, ಯಾವುದೋ ಒಂದು ಕೋಶದಲ್ಲಿ ನಡೆದ ಅಪಘಾತ. ಮಕ್ಕಳಿಗೆ ಅದು ಇಳಿಯದು. ಆರೋಗ್ಯವಂತರ ರಕ್ತದಲ್ಲಿಯೂ ಅದು ಕಾಣಸಿಗುತ್ತದೆ. ಅವರಲ್ಲಿ ಬಹುಮಂದಿಗೆ ರೋಗ ಬರುವುದೇ ಇಲ್ಲ. ಕೆಟ್ಟ ಎ.ಟಿ.ಎಂ. ಜೀನನ್ನು ತಂದೆತಾಯಿ ಇಬ್ಬರಿಂದಲೂ ಪಡೆದು ಹುಟ್ಟುವ ಮಕ್ಕಳಿಗೆ ಲಿಂಫೋಮದ ಭಯ ಹೆಚ್ಚೆಂಬುದು ನಿಜ. ಆದರೆ ಅಂಥವರು ಅತಿ ವಿರಳ.

ಆದುದರಿಂದ ಕರಗದ ಗಂಟು, ಬಿಡದ ಜ್ವರ, ರಾತ್ರಿಯ ಬೆವರು, ಕಾರಣವಿಲ್ಲದೆ ಇಳಿಯುವ ತೂಕ ಇವನ್ನು ನಾಲ್ಕು ಜನರಿಗೆ ತಿಳಿದೀತೆಂದು ಮುಚ್ಚಿಡಬಾರದು. ಎಲ್ಲ ಗಂಟೂ ಅರ್ಬುದವಲ್ಲ. ಅನೇಕ ಬಗೆಯ ಲಿಂಫೋಮಗಳಿಗೆ ಇಂದು ಒಳ್ಳೆಯ ಚಿಕಿತ್ಸೆಯೂ ಇದೆ. ಮನೆತನದ ಮಾನಕ್ಕೆ ಅಂಜಿ ಕಳೆದ ತಿಂಗಳುಗಳನ್ನು ಮಾತ್ರ ಯಾವ ವೈದ್ಯರೂ ಹಿಂದಿರುಗಿಸಲಾರರು.