ಟರ್ಕಿಯ ಪ್ರವಾಸೋದ್ಯಮ ಮತ್ತು ಹೊಸ್ತಿಲು ದಾಟಿದ ದುಡಿಮೆ

ಟರ್ಕಿ ಎಂದೊಡನೆ ನಮ್ಮ ಮನೆಗಳಲ್ಲಿ ಎರ್ತುಗ್ರುಲ್ ಧಾರಾವಾಹಿಯ ಕುದುರೆಗಳು, ಇಸ್ತಾಂಬುಲಿನ ನೀಲಿ ಮಸೀದಿ, ಕಪ್ಪಡೋಕಿಯಾದ ಆಕಾಶದಲ್ಲಿ ತೇಲುವ ಬಣ್ಣದ ಬಲೂನುಗಳು ನೆನಪಾಗುತ್ತವೆ. ಆ ಬಲೂನುಗಳ ಕೆಳಗೆ ಗೊರೆಮೆ ಎಂಬ ಪುಟ್ಟ ಊರಿದೆ. ಮೆದುಬಂಡೆಯನ್ನು ಕೊರೆದು ಮಾಡಿದ ಗುಹೆಮನೆಗಳ ಊರು ಅದು. ಕಳೆದ ನಾಲ್ಕು ದಶಕಗಳಲ್ಲಿ ಆ ಊರಿನ ಹೆಂಗಸರ ಬದುಕು ಹೇಗೆ ಬದಲಾಯಿತು ಎಂಬುದು ಬಲೂನುಗಳಷ್ಟು ಸುಲಭವಾಗಿ ಕಣ್ಣಿಗೆ ಬೀಳುವ ಸಂಗತಿಯಲ್ಲ. ಆದರೆ ತಿಳಿದುಕೊಳ್ಳಬೇಕಾದ ಸಂಗತಿ.

ಟರ್ಕಿ ಸರಕಾರ 1982ರಲ್ಲಿ ಪ್ರವಾಸೋದ್ಯಮಕ್ಕೆ ಉತ್ತೇಜನ ನೀಡುವ ಕಾನೂನನ್ನು ತಂದಿತು. 1985ರಲ್ಲಿ ಗೊರೆಮೆ ಮತ್ತು ಕಪ್ಪಡೋಕಿಯಾದ ಬಂಡೆತಾಣಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ವಿದೇಶಿಯರು ಬರತೊಡಗಿದರು. ಅದುವರೆಗೆ ಗಂಡ-ಹೆಂಡತಿ ಸೇರಿ ಹೊಲ, ದ್ರಾಕ್ಷಿತೋಟ ನೋಡಿಕೊಳ್ಳುತ್ತಿದ್ದ ಕುಟುಂಬಗಳ ಗಂಡಸರು ವಸತಿಗೃಹ, ಜಮಖಾನೆ ಅಂಗಡಿ, ಪ್ರವಾಸಿ ವಾಹನ ಎಂದು ಹೊಸ ಕಸುಬಿಗೆ ಇಳಿದರು. ಹೆಂಗಸರು ಮಾತ್ರ ಹಳೆಯ ಕೆಲಸದಲ್ಲೇ ಉಳಿದರು. ತಂದೂರಿನಲ್ಲಿ ರೊಟ್ಟಿ ಸುಡುವುದು, ಚಳಿಗಾಲಕ್ಕೆಂದು ಹಣ್ಣು ಒಣಗಿಸುವುದು, ದ್ರಾಕ್ಷಿರಸ ಕುದಿಸಿ ‘ಪೆಕ್ಮೆಜ್’ ಎಂಬ ಪಾಕ ಮಾಡುವುದು ಅವರ ಪಾಲಿಗೇ ಇತ್ತು. ಊರಿನ ನಡುವಿನ ಪ್ರವಾಸಿ ಬೀದಿ ಗಂಡಸರ ಜಾಗವಾಯಿತು. ಹೊಸ ಹಣ ಬಂದದ್ದೂ ಅವರ ಕೈಗೇ.

ಹೆಂಗಸರನ್ನು ತಡೆದದ್ದು ಯಾವುದೇ ಕಾನೂನಲ್ಲ, ಒಂದು ಪದ. ಟರ್ಕಿ ಭಾಷೆಯಲ್ಲಿ ಅದು ‘ಅಯಿಪ್’. ನಾವು ಕನ್ನಡದಲ್ಲಿ ‘ಐಬು’ ಎನ್ನುವ ಪದವೇ ಅದು. ಎರಡೂ ಒಂದೇ ಅರಬಿ ಮೂಲದಿಂದ ಬಂದಿವೆ. ಅಪರಿಚಿತ ಗಂಡಸರು ಓಡಾಡುವಲ್ಲಿ ಹೆಂಗಸು ಕಾಣಿಸಿಕೊಂಡರೆ ಐಬು, ಕೂಲಿಗೆ ಹೋದರೆ ಐಬು. ಹೆಂಡತಿ ದುಡಿಯಲು ಹೋದರೆ ಗಂಡನಿಗೆ ಸಾಕುವ ತಾಕತ್ತಿಲ್ಲ ಎಂದು ಜನ ಆಡಿಕೊಳ್ಳುತ್ತಾರೆ, ಅದು ಇನ್ನೂ ದೊಡ್ಡ ಐಬು. ಅದೇ ಬೀದಿಯಲ್ಲಿ ಗಂಡಸರು ವಿದೇಶಿ ಮಹಿಳೆಯರೊಂದಿಗೆ ಬೆರೆಯುತ್ತಿದ್ದರು, ಕೆಲವರು ಸಂಬಂಧವನ್ನೂ ಬೆಳೆಸಿದರು. ಲಜ್ಜೆಯ ಲೆಕ್ಕವನ್ನು ಮಾತ್ರ ಮನೆಯಲ್ಲಿದ್ದ ಹೆಂಗಸಿನಿಂದಲೇ ಕೇಳಲಾಗುತ್ತಿತ್ತು.

ನ್ಯೂಝಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದ ಹೇಝಲ್ ಟಕ್ಕರ್ 1990ರ ದಶಕದಿಂದ ಈ ಊರಿಗೆ ಹೋಗಿಬಂದು ಅಧ್ಯಯನ ನಡೆಸಿದವರು. ಅವರು ಗುರುತಿಸಿದಂತೆ ಈ ಐಬು ಒಂದೇ ದಿನದಲ್ಲಿ ಮುರಿದು ಬೀಳಲಿಲ್ಲ, ಮೆಲ್ಲಮೆಲ್ಲನೆ ಸಡಿಲವಾಯಿತು. ಕೆಲವು ಹೆಂಗಸರು ವಸತಿಗೃಹಗಳಲ್ಲಿ ಕೋಣೆ ಗುಡಿಸುವ, ಹಾಸಿಗೆ ಬಟ್ಟೆ ಒಗೆಯುವ ಕೆಲಸಕ್ಕೆ ಹೋದರು. ಮನೆಯಲ್ಲಿ ಮಾಡುವ ಕೆಲಸವೇ ಆದ್ದರಿಂದ ಅದನ್ನು ಒಪ್ಪುವುದು ಊರಿಗೆ ಸುಲಭವಾಯಿತು. ಇನ್ನು ಕೆಲವರು ತಮ್ಮ ಗುಹೆಮನೆಯನ್ನೇ ಪ್ರವಾಸಿಗರಿಗೆ ತೋರಿಸಿ, ಚಹಾ ಕೊಟ್ಟು, ಕೈಯಾರೆ ಹೆಣೆದ ವಸ್ತುಗಳನ್ನು ಮಾರಿದರು. ಪಕ್ಕದ ಮನೆಯವಳು ಹೋದಳೆಂದರೆ ಎರಡನೆಯವಳಿಗೆ ಧೈರ್ಯ ಬರುತ್ತದೆ. ಹತ್ತು ಜನ ಹೋದ ಮೇಲೆ ಆಡಿಕೊಳ್ಳಲು ಯಾರು ಉಳಿಯುತ್ತಾರೆ?

ಅಂಕಾರಾದಿಂದ ಸುಮಾರು 100 ಕಿಲೋಮೀಟರ್ ದೂರದ ಬೇಪಝಾರಿ ಪಟ್ಟಣದಲ್ಲಿ ಇದೇ ಬದಲಾವಣೆ ಬೇರೆ ದಾರಿಯಲ್ಲಿ ಬಂತು. 1999ರಲ್ಲಿ ಅಲ್ಲಿನ ಮೇಯರ್ ಆದ ಮನ್ಸೂರ್ ಯವಾಶ್ (ಈಗ ಅವರು ಅಂಕಾರಾದ ಮೇಯರ್ ಎಂದೇ ಪರಿಚಿತರು) ಉಸ್ಮಾನೀ ಕಾಲದ ಹಳೆಯ ಮನೆಗಳನ್ನು ದುರಸ್ತಿ ಮಾಡಿಸಿದರು. ಮನೆಯಲ್ಲಿ ಮಾಡಿದ ತಿನಿಸನ್ನು ಬೀದಿಯಲ್ಲಿ ಮಾರುವಂತೆ ಹೆಂಗಸರನ್ನು ಹುರಿದುಂಬಿಸಿದರು. ಮೊದಮೊದಲು ಹಿಂಜರಿಕೆ ಇತ್ತು. ಇಂದು ತಲೆವಸ್ತ್ರ ಕಟ್ಟಿದ ತಾಯಂದಿರು 80 ಪದರದ ಬಕ್ಲಾವಾ, ದ್ರಾಕ್ಷಿ ಎಲೆಯ ಸುರುಳಿ, ‘ಕುರು’ ಎಂಬ ಗರಿಗರಿ ಬಿಸ್ಕತ್ತು ಇಟ್ಟುಕೊಂಡು ಕುಳಿತಿರುವುದು ಆ ಪಟ್ಟಣದ ಗುರುತೇ ಆಗಿದೆ. ಬುರ್ಸಾ ಬಳಿಯ ಜುಮಾಲಿಕಿಝಿಕ್ ಹಳ್ಳಿಯಲ್ಲೂ ಹೆಂಗಸರು ತಮ್ಮ ಮನೆಯಂಗಳದಲ್ಲೇ ಪ್ರವಾಸಿಗರಿಗೆ ಬೆಳಗಿನ ತಿಂಡಿ ಬಡಿಸಿ ಸಂಪಾದಿಸುತ್ತಾರೆ.

ಈ ನಡುವೆ ಕಾನೂನೂ ಬದಲಾಯಿತು. ಹೆಂಡತಿ ಕೆಲಸಕ್ಕೆ ಹೋಗಲು ಗಂಡನ ಅನುಮತಿ ಬೇಕೆಂಬ ವಿಧಿಯನ್ನು ಟರ್ಕಿಯ ಸಾಂವಿಧಾನಿಕ ನ್ಯಾಯಾಲಯ 1990ರಲ್ಲಿ ರದ್ದುಪಡಿಸಿತು. 2002ರಲ್ಲಿ ಜಾರಿಗೆ ಬಂದ ಹೊಸ ನಾಗರಿಕ ಸಂಹಿತೆ ಮದುವೆಯ ನಂತರ ಗಳಿಸಿದ ಆಸ್ತಿಯಲ್ಲಿ ಹೆಂಡತಿಗೂ ಸಮಪಾಲು ನೀಡಿತು. ಸರಕಾರಿ ಕಚೇರಿಗಳಲ್ಲಿ ತಲೆವಸ್ತ್ರಕ್ಕಿದ್ದ ನಿಷೇಧ ಸಡಿಲಗೊಂಡದ್ದು 2013ರಲ್ಲಿ.

ಹಾಗೆಂದು ಎಲ್ಲವೂ ಸರಿಹೋಯಿತು ಎಂದುಕೊಳ್ಳುವಂತಿಲ್ಲ. ಇಂದಿಗೂ ಟರ್ಕಿಯಲ್ಲಿ ಸುಮಾರು ಮೂವರು ಮಹಿಳೆಯರಲ್ಲಿ ಒಬ್ಬರು ಮಾತ್ರ ಉದ್ಯೋಗ ಕ್ಷೇತ್ರದಲ್ಲಿದ್ದಾರೆ. ಗಂಡಸರಲ್ಲಿ ಹತ್ತಕ್ಕೆ ಸುಮಾರು ಏಳು ಮಂದಿ. ಹೋಟೆಲುಗಳಲ್ಲಿ ಹಾಸಿಗೆ ಸರಿಪಡಿಸುವ ಕೆಲಸದಲ್ಲಿ ಹೆಂಗಸರು ಹೆಚ್ಚು, ಮ್ಯಾನೇಜರ್ ಕುರ್ಚಿಯಲ್ಲಿ ಕಡಿಮೆ. ಅಂತಾಲ್ಯದಂತಹ ಕಡಲತೀರಗಳಲ್ಲಿ ಅನೇಕ ಹೋಟೆಲುಗಳು ಚಳಿಗಾಲದಲ್ಲಿ ಬಾಗಿಲು ಹಾಕುತ್ತವೆ, ಸಂಬಳವೂ ನಿಲ್ಲುತ್ತದೆ. ವಿಮೆಯಿಲ್ಲದೆ ದುಡಿಯುವವರಿಗೆ ಪಿಂಚಣಿಯ ಆಸರೆಯೂ ಇಲ್ಲ. 2019ರಲ್ಲಿ ಸುಮಾರು 4.5 ಕೋಟಿ ವಿದೇಶಿಯರು ಟರ್ಕಿಗೆ ಬಂದಿದ್ದರು. ಕೊರೋನಾ ಕಾಲದ 2020ರಲ್ಲಿ ಆ ಸಂಖ್ಯೆ ಸುಮಾರು 1.27 ಕೋಟಿಗೆ ಕುಸಿಯಿತು. ಇಂತಹ ಹೊಡೆತ ಬಿದ್ದಾಗ ದಿನಗೂಲಿಯವರು, ಮನೆಬಾಗಿಲಲ್ಲಿ ಮಾರುವವರು ಮೊದಲು ಬರಿಗೈಯಾಗುತ್ತಾರೆ.

ಇನ್ನೊಂದು ಕಷ್ಟ ಲೆಕ್ಕಕ್ಕೇ ಸಿಗುವುದಿಲ್ಲ. ಹೊರಗೆ ಹತ್ತು ಕೋಣೆ ಗುಡಿಸಿ ಬಂದವಳಿಗೆ ಮನೆಯ ಒಲೆ, ಮಕ್ಕಳು, ವೃದ್ಧ ಅತ್ತೆ-ಮಾವ ಕಾಯುತ್ತಿರುತ್ತಾರೆ. ದುಡಿಮೆ ಹಂಚಿಹೋಯಿತು, ಮನೆಗೆಲಸ ಹಂಚಿಹೋಗಲಿಲ್ಲ.

ಇಲ್ಲಿ ನಾವು ಯೋಚಿಸಬೇಕಾದ ಒಂದು ಮಾತಿದೆ. ಹರಾಮ್ ಎಂದರೆ ಅಲ್ಲಾಹನು ನಿಷೇಧಿಸಿದ್ದು. ಐಬು ಎಂದರೆ ಅನೇಕ ವೇಳೆ ಜನ ಆಡಿಕೊಳ್ಳುವುದು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಝ್ರತ್ ಖದೀಜಾ(ರ) ಮಕ್ಕಾದಿಂದ ಶಾಮ್ ದೇಶಕ್ಕೆ ಸರಕು ಕಳುಹಿಸುತ್ತಿದ್ದ ವ್ಯಾಪಾರಿಯಾಗಿದ್ದರು. ಮಹರ್ ಹೆಣ್ಣಿನ ಸ್ವಂತ ಸೊತ್ತು, ಅವಳ ಗಳಿಕೆಯೂ ಅವಳದ್ದೇ. ಅವಳು ಗಳಿಸಿದರೂ ಮನೆಯ ಖರ್ಚಿನ ಹೊಣೆ ಗಂಡನ ಹೆಗಲಿನಿಂದ ಇಳಿಯುವುದಿಲ್ಲ. ಲಜ್ಜೆ ಮತ್ತು ಮರ್ಯಾದೆ ದೀನಿನ ಭಾಗ ನಿಜ, ಆದರೆ ನೋಟವನ್ನು ತಗ್ಗಿಸಬೇಕೆಂಬ ಆಜ್ಞೆ ಗಂಡಸಿಗೂ ಇದೆ. ಗೊರೆಮೆಯ ಬೀದಿಯಲ್ಲಿ ಮರೆತುಹೋದದ್ದು ಇದೇ ಅರ್ಧ.

ಪ್ರವಾಸೋದ್ಯಮ ಟರ್ಕಿಯ ಹೆಂಗಸರಿಗೆ ಸ್ವರ್ಗವನ್ನೇನೂ ತಂದುಕೊಡಲಿಲ್ಲ. ಆದರೆ ತನ್ನ ಕೈಯ ದುಡ್ಡು, ಮನೆಯ ಮಾತುಕತೆಯಲ್ಲಿ ಒಂದು ದನಿ, ಮಗಳನ್ನು ಇನ್ನೂ ನಾಲ್ಕು ವರ್ಷ ಓದಿಸುವ ಧೈರ್ಯ, ಇಷ್ಟು ಅನೇಕರಿಗೆ ಸಿಕ್ಕಿತು. ಹೊಸ್ತಿಲು ದಾಟಿದವಳು ದೀನನ್ನು ಹಿಂದೆ ಬಿಟ್ಟು ಹೋಗಬೇಕಾಗಿಲ್ಲ ಎಂಬುದನ್ನು ಬೇಪಝಾರಿಯ ಆ ತಾಯಂದಿರು ದಿನವೂ ತೋರಿಸುತ್ತಿದ್ದಾರೆ. ನಮ್ಮ ಮನೆಯ ಹೆಣ್ಣುಮಗಳು ದುಡಿಮೆಯ ಮಾತೆತ್ತಿದಾಗ ‘ಬೇಡ’ ಎನ್ನುವ ಮುನ್ನ ಒಮ್ಮೆ ಕೇಳಿಕೊಳ್ಳೋಣ: ನಾವು ಹೆದರುತ್ತಿರುವುದು ಅಲ್ಲಾಹನಿಗೋ, ನೆರೆಮನೆಯವರ ಬಾಯಿಗೋ?