ಗುರುಗಳಿಲ್ಲದೆಡೆಯಲ್ಲಿ ಮುಂದಾಳಿನ ಆಯ್ಕೆ: ಚಾಮರಾಜನಗರ–ಗುಂಡ್ಲುಪೇಟೆ ಸೀಮೆಯ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕಥೋಲಿಕ ಕ್ರೈಸ್ತಸಭೆಯ ವ್ಯವಸ್ಥೆಯಲ್ಲಿ ಒಬ್ಬ ಧರ್ಮಾಧ್ಯಕ್ಷರ ಆಡಳಿತಕ್ಕೆ ಒಳಪಟ್ಟ ಸೀಮೆಗೆ ಧರ್ಮಕ್ಷೇತ್ರವೆಂದೂ, ಅದರೊಳಗೆ ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಲ್ಪಟ್ಟ ವಿಶ್ವಾಸಿಗಳ ಸಮುದಾಯಕ್ಕೆ ಧರ್ಮಕೇಂದ್ರವೆಂದೂ ಹೆಸರು. ಗುರುದೀಕ್ಷೆಯನ್ನು ಪಡೆಯದೆ ಸಂಸಾರದಲ್ಲಿದ್ದು ಧರ್ಮವನ್ನು ಆಚರಿಸುವ ಸ್ತ್ರೀಪುರುಷರನ್ನು ಸಭೆಯ ಬರಹಗಳಲ್ಲಿ ಶ್ರೀಸಾಮಾನ್ಯರೆಂದು ಕರೆಯುವ ರೂಢಿಯುಂಟು. ಗುರುಗಳು ಸಾಲದಿರುವಲ್ಲಿ, ಅಥವಾ ಇರುವ ಒಬ್ಬ ಗುರು ದೂರದೂರದ ಹಳ್ಳಿಗಳನ್ನೆಲ್ಲ ನೋಡಿಕೊಳ್ಳಬೇಕಾಗಿರುವಲ್ಲಿ, ಈ ಶ್ರೀಸಾಮಾನ್ಯರಲ್ಲಿ ಒಬ್ಬರು ಮುಂದಾಳಾಗಿ ನಿಲ್ಲಬೇಕಾಗುತ್ತದೆ. ಆ ಮುಂದಾಳನ್ನು ಆರಿಸತಕ್ಕವರು ಯಾರು? ಊರಿನವರೋ, ಧರ್ಮಾಧ್ಯಕ್ಷರೋ? ಯಾವ ಯೋಗ್ಯತೆಯನ್ನು ನೋಡಿ ಆರಿಸತಕ್ಕದ್ದು? ಈ ಪ್ರಶ್ನೆಗಳನ್ನು ಚಾಮರಾಜನಗರ ಮತ್ತು ಗುಂಡ್ಲುಪೇಟೆಗಳ ಗಡಿಸೀಮೆಯ ಹಿನ್ನೆಲೆಯಲ್ಲಿ ವಿಚಾರಮಾಡುವುದು ಪ್ರಸ್ತುತ ಲೇಖನದ ಉದ್ದೇಶ.

೧. ಸೀಮೆಯ ಸ್ವರೂಪ

ಚಾಮರಾಜನಗರ ಜಿಲ್ಲೆಯು ಮೈಸೂರು ಜಿಲ್ಲೆಯಿಂದ ಬೇರ್ಪಟ್ಟದ್ದು ೧೯೯೭ರಲ್ಲಿ. ಇದರ ಪೂರ್ವಭಾಗವಾದ ಕೊಳ್ಳೇಗಾಲವು ೧೯೫೬ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಸಭೆಯ ಎಲ್ಲೆಗಳೂ ಹೀಗೆಯೇ ಬದಲಾಗಿವೆ. ೧೮೮೬ರಲ್ಲಿ ಏರ್ಪಟ್ಟ ಮೈಸೂರು ಧರ್ಮಕ್ಷೇತ್ರದಿಂದ ೧೯೪೦ರಲ್ಲಿ ಬೆಂಗಳೂರೂ, ೧೯೫೫ರಲ್ಲಿ ಉದಕಮಂಡಲವೂ, ೧೯೬೩ರಲ್ಲಿ ಚಿಕ್ಕಮಗಳೂರೂ ಬೇರೆಯಾದವು. ಚಾಮರಾಜನಗರ ಜಿಲ್ಲೆ ಇಂದಿಗೂ ಮೈಸೂರು ಧರ್ಮಕ್ಷೇತ್ರದಲ್ಲಿಯೇ ಇದೆ.

ಜಿಲ್ಲೆಯ ಕಥೋಲಿಕರು ಒಂದೇ ಬಗೆಯಾಗಿ ಹರಡಿಕೊಂಡಿಲ್ಲ. ಮಲೆ ಮಹದೇಶ್ವರ ಬೆಟ್ಟದ ಬಳಿಯ ಮಾರ್ಟಳ್ಳಿಯಂತಹ ಊರುಗಳಲ್ಲಿ ತಮಿಳು ಮಾತಿನ ಕಥೋಲಿಕರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಅದಕ್ಕೆ ಹೋಲಿಸಿದರೆ ಪಶ್ಚಿಮದ ಗುಂಡ್ಲುಪೇಟೆ ಸೀಮೆಯಲ್ಲಿ ಅವರ ಸಂಖ್ಯೆ ಅಲ್ಪ. ಅಲ್ಲಿಂದ ಮುಂದೆ ಬಂಡೀಪುರದ ಕಾಡು. ಒಂದು ದಾರಿ ನೀಲಗಿರಿಗೆ, ಮತ್ತೊಂದು ವಯನಾಡಿಗೆ. ಸಮುದಾಯ ಚಿಕ್ಕದಾಗಿ ಊರು ದೂರವಾದಷ್ಟೂ ಸ್ಥಳದಲ್ಲಿಯೇ ಇರುವ ಮುಂದಾಳಿನ ಅಗತ್ಯ ಹೆಚ್ಚುತ್ತದೆ. ಸಾವು ಗುರುವಿನ ಬರವಿಗೆ ಕಾಯುವುದಿಲ್ಲವಷ್ಟೆ.

೨. ಚರಿತ್ರೆಯ ಸಾಕ್ಷ್ಯ

ಮೈಸೂರು ಸೀಮೆಯಲ್ಲಿ ಈ ಅಗತ್ಯವು ಹೊಸದಲ್ಲ. ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಲಿಯೊನಾರ್ಡೊ ಚಿನ್ನಾಮಿ ಎಂಬ ಯೇಸುಸಭೆಯ ಪಾದ್ರಿಯು ಸಂನ್ಯಾಸಿಯ ವೇಷದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಇಲ್ಲಿಯ ಮಿಷನ್ನಿಗೆ ತಳಹದಿ ಹಾಕಿದನು. ೧೭೭೩ರಲ್ಲಿ ಪೋಪರ ಆಜ್ಞೆಯಿಂದ ಯೇಸುಸಭೆಯೇ ವಿಸರ್ಜಿತವಾದಾಗ ಅದರ ಗುರುಗಳನ್ನು ನಂಬಿದ್ದ ಸಮುದಾಯಗಳ ಆಸರೆ ಸಡಿಲವಾಯಿತು. ೧೭೮೪ರಲ್ಲಿ ಟಿಪ್ಪು ಸುಲ್ತಾನನು ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಅವರ ಪಾದ್ರಿಗಳನ್ನು ನಾಡಿನಿಂದ ಹೊರಡಿಸಿದನು. ೧೭೯೯ರಲ್ಲಿ ಟಿಪ್ಪು ಮಡಿದ ತರುವಾಯ ಪ್ಯಾರಿಸಿನ ವಿದೇಶೀ ಮಿಷನ್ ಸಂಘದ ಆಬೆ ದುಬಾಯ್ ಇಲ್ಲಿಗೆ ಬಂದು ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಶ್ರಮಿಸಿ, ೧೮೨೩ರಲ್ಲಿ ಭಾರತವನ್ನು ಬಿಟ್ಟನು.

ಈ ಇಪ್ಪತ್ತಾರು ವರ್ಷಗಳ ಕಥೆಯನ್ನು ಸಾಮಾನ್ಯವಾಗಿ ಅರಸರ ಮತ್ತು ಪಾದ್ರಿಗಳ ಹೆಸರಿನಲ್ಲಿ ಹೇಳುವುದುಂಟು. ಆದರೆ ಒಟ್ಟುಗೂಡಿಸಲು ಜನರು ಉಳಿದಿದ್ದರೆಂಬುದೇ ಗಮನಾರ್ಹವಾದ ಸಂಗತಿ. ಗುರುಗಳಿಲ್ಲದ ಕಾಲದಲ್ಲಿ ಪ್ರಾರ್ಥನೆಯನ್ನು ಮಕ್ಕಳ ಬಾಯಲ್ಲಿ ಉಳಿಸಬಲ್ಲವರು ಮನೆಯ ಹಿರಿಯರು ಮತ್ತು ಉಪದೇಶಿಗಳಲ್ಲದೆ ಬೇರೆ ಯಾರೂ ಇರಲಾರರು. ಜಪಾನಿನಲ್ಲಿ ಇದಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ದೊರೆಯುತ್ತದೆ. ಅಲ್ಲಿ ೧೬೧೪ರಲ್ಲಿ ಕ್ರೈಸ್ತಮತಕ್ಕೆ ನಿಷೇಧ ಬಂದು ಗುರುಗಳು ಇಲ್ಲವಾದರು. ಆದರೂ ೧೮೬೫ರಲ್ಲಿ ನಾಗಸಾಕಿಯ ದೇವಾಲಯಕ್ಕೆ ಬಂದ ಹಳ್ಳಿಗರು ತಾವು ಕ್ರೈಸ್ತರೆಂದು ಪಾದ್ರಿ ಪೆಟಿಜಾನನಿಗೆ ಗುಟ್ಟಾಗಿ ತಿಳಿಸಿದರು. ಇವನೂ ದುಬಾಯ್ ಸೇರಿದ್ದ ಸಂಘದವನೇ. ಆ ಹಳ್ಳಿಗಳಲ್ಲಿ ಹಬ್ಬದ ಪಂಚಾಂಗವನ್ನು ನೋಡಿಕೊಳ್ಳುವವನೊಬ್ಬ, ಜ್ಞಾನಸ್ನಾನ ಕೊಡುವವನೊಬ್ಬ ಎಂದು ಕೆಲಸಗಳು ಹಂಚಿಹೋಗಿದ್ದವು. ಎಲ್ಲ ಅಧಿಕಾರವೂ ಒಬ್ಬನ ಕೈಯಲ್ಲಿ ಸೇರಿರಲಿಲ್ಲ.

೩. ಯಜಮಾನನೂ ಉಪದೇಶಿಯೂ

ನಮ್ಮ ಹಳ್ಳಿಗಳಲ್ಲಿ ಮುಂದಾಳುತನದ ಹಳೆಯ ಮಾದರಿ ಯಜಮಾನಿಕೆ. ಹಳೆಯ ಮೈಸೂರಿನ ಹಲವು ಜಾತಿಗಳಲ್ಲಿ ಕಟ್ಟೆಮನೆಗಳೂ, ಅವುಗಳಿಗೆ ಗೌಡ ಅಥವಾ ಯಜಮಾನರೂ, ಅವರ ಕೈಕೆಳಗೆ ಕೋಲುಕಾರರೂ ಇದ್ದರು. ನ್ಯಾಯ ಹೇಳುವುದು, ದಂಡ ವಿಧಿಸುವುದು, ಮದುವೆಗೆ ವೀಳ್ಯ ಪಡೆಯುವುದು ಯಜಮಾನನ ಹಕ್ಕು. ಈ ಹಕ್ಕು ಬಹುಮಟ್ಟಿಗೆ ವಂಶಪಾರಂಪರ್ಯವಾದುದು, ಒಂದು ಕುಲಕ್ಕೆ ಸೀಮಿತವಾದುದು.

ಉಪದೇಶಿಯ ಕೆಲಸ ಇದಕ್ಕಿಂತ ಭಿನ್ನವಾದುದು. ಅವನು ಧರ್ಮವನ್ನು ಬೋಧಿಸುತ್ತಾನೆ, ಪ್ರಾರ್ಥನೆಯನ್ನು ನಡೆಸುತ್ತಾನೆ, ರೋಗಿಗಳಿರುವ ಮನೆಯ ಸುದ್ದಿಯನ್ನು ಗುರುವಿಗೆ ಮುಟ್ಟಿಸುತ್ತಾನೆ. ಈ ಕೆಲಸವು ಹುಟ್ಟಿನಿಂದ ಬರುವುದಲ್ಲ, ಒಪ್ಪಿಸಲ್ಪಡುವುದು. ಆದರೆ ಊರಿನವರ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುವ ಅಪಾಯವಿದೆ. ಯಜಮಾನನನ್ನೇ ಧರ್ಮದ ಮುಂದಾಳನ್ನಾಗಿ ಮಾಡಿದರೆ ಒಂದು ಕೇರಿಯ ಪ್ರಾಬಲ್ಯವು ದೇವಾಲಯದೊಳಕ್ಕೂ ಬರುತ್ತದೆ. ಇನ್ನೊಂದು ಕೇರಿಯ ಬಡವನು ತನ್ನ ಮಗುವಿನ ಜ್ಞಾನಸ್ನಾನಕ್ಕೂ ಅವನ ದಾಕ್ಷಿಣ್ಯಕ್ಕೆ ಕಾಯಬೇಕಾಗುತ್ತದೆ. ಹೆಂಗಸರಂತೂ ಯಜಮಾನಿಕೆಯ ಮಾದರಿಯಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಆದಕಾರಣ ಆಯ್ಕೆಯ ಪ್ರಶ್ನೆಯು ಆಡಳಿತದ ಪ್ರಶ್ನೆಯಷ್ಟೇ ಅಲ್ಲ, ಸಭೆಯು ಯಾರದೆಂಬ ಪ್ರಶ್ನೆಯೂ ಹೌದು.

೪. ಧರ್ಮಶಾಸನದ ವಿಧಿ

ಎರಡನೆಯ ವ್ಯಾಟಿಕನ್ ಮಹಾಸಭೆಯು (೧೯೬೨–೬೫) ಉಪದೇಶಿಗಳ ಸೇವೆಯನ್ನು ಮೆಚ್ಚಿ, ಅವರಿಗೆ ತಕ್ಕ ಶಿಕ್ಷಣವೂ ನ್ಯಾಯವಾದ ಸಂಭಾವನೆಯೂ ದೊರೆಯಬೇಕೆಂದು ಸೂಚಿಸಿತು. ೧೯೮೩ರ ಧರ್ಮಶಾಸನದ ೫೧೭ನೆಯ ವಿಧಿಯ ಎರಡನೆಯ ಭಾಗವು ಇನ್ನೂ ಮುಂದೆ ಹೋಗಿದೆ. ಗುರುಗಳ ಅಭಾವವಿದ್ದರೆ ಧರ್ಮಾಧ್ಯಕ್ಷರು ಧರ್ಮಕೇಂದ್ರದ ಪಾಲನೆಯಲ್ಲಿ ಒಂದು ಪಾಲನ್ನು ಗುರುವಲ್ಲದ ವ್ಯಕ್ತಿಗೆ ಅಥವಾ ವ್ಯಕ್ತಿಗಳ ಸಮುದಾಯಕ್ಕೆ ಒಪ್ಪಿಸಬಹುದು. ಆದರೆ ಆ ಪಾಲನೆಯನ್ನು ನಿರ್ದೇಶಿಸಲು ಪೂರ್ಣಾಧಿಕಾರವುಳ್ಳ ಒಬ್ಬ ಗುರುವನ್ನೂ ನೇಮಿಸತಕ್ಕದ್ದು. ೨೦೨೦ರಲ್ಲಿ ರೋಮಿನಿಂದ ಹೊರಟ ನಿರ್ದೇಶವು, ಇಂತಹ ಮುಂದಾಳುಗಳನ್ನು ಧರ್ಮಕೇಂದ್ರದ ಗುರುವಿನ ಪದವಿಗೆ ಸಮನಾದ ಹೆಸರುಗಳಿಂದ ಕರೆಯಬಾರದೆಂದು ಎಚ್ಚರಿಸಿತು. ೨೦೨೧ರಲ್ಲಿ ಪೋಪ್ ಫ್ರಾನ್ಸಿಸರು ಉಪದೇಶಿಯ ಸೇವೆಯನ್ನು ಸಭೆಯ ವಿಧಿವತ್ತಾದ ಸೇವಾಪದವಿಯನ್ನಾಗಿ ಸ್ಥಾಪಿಸಿ, ಅದನ್ನು ಸ್ತ್ರೀಪುರುಷರಿಬ್ಬರಿಗೂ ತೆರೆದರು.

ಈ ವಿಧಿಗಳ ತಿರುಳು ಹೀಗಿದೆ: ಬಲಿಪೂಜೆಯನ್ನು ಅರ್ಪಿಸುವುದು, ಪಾಪನಿವೇದನೆಯನ್ನು ಕೇಳಿ ಕ್ಷಮೆ ಕೊಡುವುದು ಗುರುವಿಗೆ ಮಾತ್ರ ಸಲ್ಲತಕ್ಕವು. ಧರ್ಮಗ್ರಂಥದ ವಾಚನ, ಪ್ರಾರ್ಥನೆ, ಬೋಧನೆಗಳನ್ನು ಶ್ರೀಸಾಮಾನ್ಯನು ನಡೆಸಬಹುದು. ಅಪ್ಪಣೆಯಿದ್ದರೆ ಪರಮಪ್ರಸಾದವನ್ನು ರೋಗಿಗೆ ಒಯ್ಯಲೂಬಹುದು, ಶವಸಂಸ್ಕಾರದ ಪ್ರಾರ್ಥನೆಯನ್ನು ಹೇಳಲೂಬಹುದು. ಸಾಯುವ ಸ್ಥಿತಿಯ ಶಿಶುವಿಗೆ ಜ್ಞಾನಸ್ನಾನವನ್ನಂತೂ ಸದುದ್ದೇಶವುಳ್ಳ ಯಾರೇ ಆಗಲಿ ಕೊಡಬಹುದು.

೫. ಆಯ್ಕೆಯ ಕ್ರಮ

ನೇಮಿಸುವವರು ಧರ್ಮಾಧ್ಯಕ್ಷರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಯೋಗ್ಯರನ್ನು ಗುರುತಿಸುವ ರೀತಿಯನ್ನು ೫೧೭ನೆಯ ವಿಧಿ ವಿವರಿಸಿಲ್ಲ; ಸ್ಥಳೀಯ ವಿವೇಕಕ್ಕೆ ಎಡೆಯಿರುವುದು ಇಲ್ಲಿಯೇ. ಪಂಚಾಯಿತಿಯಂತೆ ಮತ ಹಾಕಿಸಿದರೆ ಹೆಚ್ಚು ಮನೆಗಳುಳ್ಳ ಕೇರಿ ಗೆಲ್ಲುತ್ತದೆ. ಊರನ್ನು ಕೇಳದೆ ಮೇಲಿನಿಂದ ನೇಮಿಸಿದರೆ, ಬಂದವನ ಮಾತಿಗೆ ಬೆಲೆ ಇರುವುದಿಲ್ಲ. ಈ ಎರಡರ ನಡುವಣ ದಾರಿಯೆಂದರೆ, ಎಲ್ಲ ಕೇರಿಗಳ ಸ್ತ್ರೀಪುರುಷರನ್ನೂ ಬೇರೆಬೇರೆಯಾಗಿ ವಿಚಾರಿಸಿ, ಪಾಲನಾ ಪರಿಷತ್ತಿನ ಸಲಹೆ ಪಡೆದು, ಹೆಸರನ್ನು ಧರ್ಮಾಧ್ಯಕ್ಷರಿಗೆ ಒಪ್ಪಿಸಿ, ಗೊತ್ತಾದ ಅವಧಿಗೆ ನೇಮಿಸುವುದು. ೫೩೬ನೆಯ ವಿಧಿಯಂತೆ ಆ ಪರಿಷತ್ತಿನ ಅಭಿಪ್ರಾಯವು ಸಲಹೆಯೇ ಹೊರತು ತೀರ್ಪಲ್ಲ. ಆದರೂ ಸಲಹೆಯನ್ನು ಕೇಳಿದ ಊರು ನೇಮಕವನ್ನು ತನ್ನದೆಂದು ಒಪ್ಪಿಕೊಳ್ಳುವುದು ಸಹಜ.

ಯೋಗ್ಯತೆಯ ವಿಷಯದಲ್ಲಿ ಈ ಸೀಮೆಗೆ ಮೂರು ಅಂಶಗಳು ಮುಖ್ಯವೆಂದು ತೋರುತ್ತದೆ. ಮೊದಲನೆಯದು, ಕನ್ನಡ ಮತ್ತು ತಮಿಳು ಎರಡನ್ನೂ ಆಡುವ ಊರುಗಳಲ್ಲಿ ಎರಡು ಮಾತಿನವರಿಗೂ ಸಲ್ಲುವಂತಿರುವುದು. ಎರಡನೆಯದು, ಎಲ್ಲ ಕೇರಿಯ ಮನೆಗಳಲ್ಲಿಯೂ ಕುಳಿತು ನೀರು ಕುಡಿಯಬಲ್ಲವರಾಗಿರುವುದು. ಮೂರನೆಯದು, ಲೆಕ್ಕಪತ್ರದಲ್ಲಿ ಶುದ್ಧಿ. ಇದಕ್ಕಾಗಿಯೇ ಧರ್ಮಶಾಸನವು ಪ್ರತಿ ಧರ್ಮಕೇಂದ್ರದಲ್ಲಿಯೂ ಹಣಕಾಸಿಗೆ ಪ್ರತ್ಯೇಕ ಸಮಿತಿಯನ್ನು ಕಡ್ಡಾಯ ಮಾಡಿದೆ. ಜೊತೆಗೆ ೨೩೧ನೆಯ ವಿಧಿಯು ಸಭೆಯ ಸೇವೆಗೆ ನಿಂತ ಶ್ರೀಸಾಮಾನ್ಯರಿಗೆ ಶಿಕ್ಷಣದ ಹೊಣೆಯನ್ನೂ ತಕ್ಕ ಸಂಭಾವನೆಯ ಹಕ್ಕನ್ನೂ ಹೇಳುತ್ತದೆ. ಕೂಲಿಯಿಂದ ಬದುಕುವವರನ್ನು ಬಿಟ್ಟಿಯಾಗಿ ದುಡಿಸಿದರೆ, ಕೊನೆಗೆ ಉಳ್ಳವರಷ್ಟೇ ಮುಂದಾಳುಗಳಾಗುವರು. ಆಫ್ರಿಕದ ಕಿನ್ಷಾಸಾ ನಗರದಲ್ಲಿ ಕಾರ್ಡಿನಲ್ ಮಲೂಲಾ ೧೯೭೦ರ ದಶಕದಲ್ಲಿ ವಿವಾಹಿತ ಗೃಹಸ್ಥರಿಗೆ ತರಬೇತಿ ಕೊಡಿಸಿ ಧರ್ಮಕೇಂದ್ರಗಳ ಹೊಣೆಯನ್ನು ಒಪ್ಪಿಸಿದರು. ಅಲ್ಲಿಯೂ ತರಬೇತಿ ಮೊದಲು, ನೇಮಕ ಅನಂತರ.

ಒಟ್ಟಿನಲ್ಲಿ ಮುಂದಾಳಿಗೆ ಅಧಿಕಾರವು ಧರ್ಮಾಧ್ಯಕ್ಷರಿಂದ ಬರುತ್ತದೆ, ನಂಬಿಕೆಯು ಊರಿನಿಂದ ಬರುತ್ತದೆ. ಒಂದು ಇನ್ನೊಂದರ ಕೊರತೆಯನ್ನು ತುಂಬಲಾರದು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಸೀಮೆಯ ಧರ್ಮವನ್ನು ಉಳಿಸಿದವರ ಹೆಸರುಗಳು ಗ್ರಂಥಗಳಲ್ಲಿ ದೊರೆಯುವುದಿಲ್ಲ. ಇಂದಿನವರ ಹೆಸರುಗಳಾದರೂ ದೊರೆಯುವಂತಾಗಬೇಕಾದರೆ, ಹಳ್ಳಿಯ ಉಪದೇಶಿಗಳ ನೇಮಕಪತ್ರಗಳನ್ನೂ ಲೆಕ್ಕದ ಪುಸ್ತಕಗಳನ್ನೂ ಕಾಪಾಡತಕ್ಕದ್ದು. ಮುಂದಿನ ಸಂಶೋಧಕರಿಗೆ ಇವೇ ಆಕರಗಳಾಗುವುವು.