ಮುಜಂಟಿಯ ಮೇಣ

ಕಾರ್ಕಳದ ಸಮೀಪದಲ್ಲಿರುವ ನನ್ನ ಸೋದರಮಾವನ ಮನೆಯದು ಮುರಕಲ್ಲಿನ ಹಳೆಯ ಗೋಡೆ. ಅದರ ಒಂದು ಸಂದಿನಿಂದ ಕಿರುಬೆರಳಿನಷ್ಟು ದಪ್ಪದ ಕಪ್ಪು ಮೇಣದ ಕೊಳವೆ ಹೊರಚಾಚಿದೆ. ನೊಣಕ್ಕಿಂತಲೂ ಚಿಕ್ಕ ಜೇನುಗಳು ಅದರ ಬಾಯಲ್ಲಿ ಕಾವಲು ನಿಂತಿರುತ್ತವೆ. ಇದು ಮುಜಂಟಿಯ ಬಾಗಿಲು. ಚುಚ್ಚಬಲ್ಲ ಮುಳ್ಳು ಈ ಜೇನಿಗಿಲ್ಲ. ಗೂಡಿಗೆ ನುಗ್ಗುವ ಇರುವೆಯನ್ನು ಅದು ಅಂಟಿನಿಂದಲೇ ತಡೆಯುತ್ತದೆ.

ಜೇನುಗಳು ಕೂಡಿಸುವ ಇಂತಹ ಅಂಟಿಗೆ ಗ್ರೀಕರಿಟ್ಟ ಹೆಸರು ‘ಪ್ರೊಪೊಲಿಸ್’. ನಗರದ ಮುಂದಿನದು ಎಂದು ಅರ್ಥ. ಕನ್ನಡದಲ್ಲಿ ಜೇನುಹುಟ್ಟಿನಿಂದ ಬರುವುದೂ ಮೇಣ, ಹಲಸನ್ನು ಸೀಳುವಾಗ ಕೈಗಂಟುವುದೂ ಮೇಣ. ಇದನ್ನು ನುಡಿಯ ಬಡತನವೆಂದು ನಾನು ಬಹುಕಾಲ ಭಾವಿಸಿದ್ದೆ. ಆದರೆ ಮುಜಂಟಿ ಮಾಡುವುದೂ ಅದನ್ನೇ ಅಲ್ಲವೆ? ತನ್ನ ಮೈಯಲ್ಲಿ ಒಸರಿದ ಮೇಣಕ್ಕೆ ಮರಗಳಿಂದ ತಂದ ಅಂಟನ್ನು ಬೆರೆಸಿ ಅದು ಗೂಡು ಕಟ್ಟುತ್ತದೆ, ಜೇನು ತುಂಬುವ ಕುಡಿಕೆಗಳನ್ನೂ ಮಾಡುತ್ತದೆ. ನಮ್ಮ ತೋಟಗಳ ಪೆಟ್ಟಿಗೆಯಲ್ಲಿರುವ ತುಡುವೆ ಜೇನಿಗೆ ಈ ರೂಢಿಯಿಲ್ಲ.

ಗಾಯಗೊಂಡ ಮರವು ಬೂಷ್ಟು ಕ್ರಿಮಿಗಳಿಂದ ತನ್ನನ್ನು ಕಾಯ್ದುಕೊಳ್ಳಲು ಅಂಟನ್ನು ಒಸರಿಸುತ್ತದೆ. ಮರದ ಆ ಔಷಧವನ್ನು ಜೇನು ಎರವಲು ತರುತ್ತದೆ; ಜೇನಿನಿಂದ ಮನುಷ್ಯ. ಬಾವಿಗೂ ಕೀವುಗಟ್ಟಿದ ಹುಣ್ಣಿಗೂ ಇಂತಹ ಕಪ್ಪು ಅಂಟು ಮದ್ದೆಂದು ಅರಿಸ್ಟಾಟಲನೇ ಬರೆದಿದ್ದಾನೆ. ಇಂದಿನ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿಯೂ ಅದು ಹಲವು ಬ್ಯಾಕ್ಟೀರಿಯಗಳ ಬೆಳವಣಿಗೆಯನ್ನು ತಡೆಯುತ್ತದೆ. ಆದರೆ ಅಂಟಿನ ಗುಣ ಮರವನ್ನು ಅನುಸರಿಸಿದ್ದು. ಯುರೋಪಿನದು ಹೆಚ್ಚಾಗಿ ಪಾಪ್ಲರ್ ಮರದ್ದು. ಬ್ರೆಜಿಲಿನ ಹಸಿರು ಅಂಟು ಬೇರೊಂದು ಪೊದೆಯದು. ಅಲ್ಲಿಯ ಸೀಸೆಯ ಕೀರ್ತಿಯನ್ನು ಇಲ್ಲಿಯ ಗೋಡೆಯ ಮುಜಂಟಿಗೆ ಹಚ್ಚುವುದು ಸರಿಯಲ್ಲ. 2010ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರವು ಪ್ರೊಪೊಲಿಸಿನ ಆರೋಗ್ಯಗುಣಗಳ ಬಗೆಗಿನ ಹಲವು ಹೇಳಿಕೆಗಳನ್ನು ಪರಿಶೀಲಿಸಿ, ಆಧಾರ ಸಾಲದೆಂದು ತೀರ್ಮಾನಿಸಿತು. ಕೆಲವರ ಚರ್ಮಕ್ಕೆ ಅದು ತಾಗಿದರೆ ತುರಿಕೆ, ಗುಳ್ಳೆಗಳು ಏಳುವುದೂ ಉಂಟು.

ಬಾಲ್ಯದಲ್ಲಿ ಕಾಪುವಿನ ದೀಪಸ್ತಂಭದ ಬಂಡೆಗಳ ಮೇಲೆ ನಾನು ಕಾಲು ಕೊಯ್ದುಕೊಂಡಾಗ, ತಾಯಿ ತವರಿನಿಂದ ತಂದಿದ್ದ ಮುಜಂಟಿ ಜೇನನ್ನು ಸವರಿದ್ದರು. ಗಾಯ ವಾರದಲ್ಲಿ ಮಾಯಿತು. ಆ ಕಥೆಯನ್ನು ಮನೆಯಲ್ಲಿ ಎಷ್ಟು ಸಲ ಹೇಳಿದೆವೋ ಲೆಕ್ಕವಿಲ್ಲ. ಸಕ್ಕರೆ ಕಾಯಿಲೆಯಿದ್ದ ಸೋದರಮಾವ ತಮ್ಮ ಪಾದದ ಹುಣ್ಣಿಗೂ ಅದನ್ನೇ ನೆಚ್ಚಿ, ಗೂಡಿನ ಮೇಣವನ್ನು ಕರಗಿಸಿ ಮೂರು ವಾರ ಪಟ್ಟಿ ಕಟ್ಟಿಕೊಂಡರು. ನೋವಿಲ್ಲವೆಂದು ಸಂತೋಷಪಟ್ಟರು. ಆ ಕಾಯಿಲೆಯಲ್ಲಿ ಪಾದವು ನೋವನ್ನೇ ಮರೆಯುವುದೆಂದು ನಮಗಾರಿಗೂ ಹೊಳೆಯಲಿಲ್ಲ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಮೇಣವನ್ನು ದೂರುವುದೇಕೆ? ಕಥೆ ಹೇಳಿದವರಲ್ಲಿ ನಾನೂ ಒಬ್ಬ.

ಮಣಿಪಾಲದಲ್ಲಿ 1953ರಿಂದ ವೈದ್ಯಕೀಯ ಕಾಲೇಜುಂಟು. ಉಡುಪಿಯ ಕುತ್ಪಾಡಿಯಲ್ಲಿ 1958ರಿಂದ ಆಯುರ್ವೇದ ಕಾಲೇಜುಂಟು. ನಮ್ಮ ನೆಲದ ಮರಗಳ ಅಂಟಿನಲ್ಲಿ ಏನಿದೆಯೆಂಬುದನ್ನು ಹೇಳಬೇಕಾದವರು ಇಂತಹ ಕಡೆಯ ವಿದ್ವಾಂಸರು. ಅಲ್ಲಿಯವರೆಗೆ, ಮಾಯದ ಹುಣ್ಣನ್ನು ವೈದ್ಯರಿಗೆ ತೋರಿಸುವುದೇ ಮೊದಲ ಮದ್ದು.

ಕಳೆದ ಬೇಸಗೆಯಲ್ಲಿ ಮಾವನ ಮನೆಯ ಗೋಡೆಗೆ ಸಿಮೆಂಟಿನ ಗಾರೆ ಬಳಿಯುವಾಗ, “ಈ ತೂತನ್ನು ಮುಚ್ಚಲೋ?” ಎಂದು ಮೇಸ್ತ್ರಿ ಕೇಳಿದ. ಜಗಲಿಯಲ್ಲಿ ಕಾಲು ಚಾಚಿ ಕುಳಿತಿದ್ದ ಮಾವ ತಟ್ಟನೆ ಹೇಳಿದರು: “ಬೇಡ ಮಾರಾಯ, ಅವು ಇರಲಿ.”